ಹಿಮೋಗ್ಲೋಬಿನ್‌ನಲ್ಲಿ ಹಿಮ ಇಲ್ಲ: ನನ್ನ ಅನುಭವ

ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಪಿಯುಸಿ ಸೈನ್ಸಿಗೆ ಬರುವ ಮಕ್ಕಳ ಪಾಡು ಬಯಾಲಜಿ ಪಾಠ ಮಾಡುವವರಿಗೆಲ್ಲ ಗೊತ್ತು. ಸೈನ್ಸಿನ ಇಂಗ್ಲಿಷ್ ಪದಗಳನ್ನು ಅವುಗಳ ಗ್ರೀಕ್, ಲ್ಯಾಟಿನ್ ಮೂಲಕ್ಕೆ (ರೂಟ್) ಬಿಡಿಸಿ ಕಲಿಸೋಣ ಅಂತ ನಾನು ಹೊರಟಾಗ ಸ್ಟಾಫ್ ರೂಮಿನಲ್ಲಿ ನಗು. ‘ಇಂಗ್ಲಿಷಿಗೇ ತಿಣುಕಾಡ್ತಾವೆ, ಇನ್ನು ಗ್ರೀಕ್ ಬೇರೆ ಕಲಿಸ್ತೀರಾ ಸಾರ್?’

ಮೊದಲ ವರ್ಷ ಅವರ ಮಾತೇ ನಿಜವಾಯಿತು. ಸುಮಾರು 200 ರೂಟ್ ಪದಗಳ ಪಟ್ಟಿ ಜೆರಾಕ್ಸ್ ಮಾಡಿಸಿ ಹಂಚಿದೆ. ಯಾರೂ ಕಣ್ಣೆತ್ತಿ ನೋಡಲಿಲ್ಲ. ಮರುವರ್ಷ ಬಣ್ಣದ ಕಾರ್ಡು, ಲ್ಯಾಮಿನೇಷನ್ನು. 2,500 ರೂಪಾಯಿ ಹತ್ತಿರ ಕೈಯಿಂದ ಹೋಯಿತು. ಹಿಂದಿನ ಬೆಂಚಿನವರು ಅದರಲ್ಲೇ ಇಸ್ಪೀಟು ಆಡಿದರು.

ಕೊನೆಗೆ ದಾರಿ ತೋರಿಸಿದ್ದು ಒಂದು ಟೆಸ್ಟ್ ಪೇಪರ್. ಹಿಮೋಗ್ಲೋಬಿನ್ ಬಿಡಿಸಿ ಅಂದರೆ ಒಬ್ಬಳು ‘ಹಿಮ ಅಂದರೆ ಮಂಜು, ಗ್ಲೋಬ್ ಅಂದರೆ ಗುಂಡು’ ಅಂತ ಬರೆದಿದ್ದಳು. ನಕ್ಕು, ಅರ್ಧ ಮಾರ್ಕ್ಸ್ ಕೊಟ್ಟೆ. ಗುಂಡು ಸರಿ ಅಲ್ವಾ? ಲ್ಯಾಟಿನ್ನಿನ ಗ್ಲೋಬಸ್ ಗುಂಡೇ. ಪದದ ತಲೆಯ ಭಾಗ ಮಾತ್ರ ಗ್ರೀಕಿನ ಹೈಮ, ಅಂದರೆ ರಕ್ತ.

ಅವತ್ತೇ ಪಟ್ಟಿ ಬಿಟ್ಟೆ. ವಾರಕ್ಕೆ ಒಂದೇ ರೂಟ್. ಹೈಮ ಒಂದು ಪದದ ತಲೆಗೆ ಬಂದರೆ ಹಿಮೋ, ಬಾಲಕ್ಕೆ ಹೋದರೆ ‘ಹ’ ಉದುರಿ ಈಮಿಯ. ರಕ್ತಹೀನತೆ ಅನ್ನುವ ಅನೀಮಿಯದ ಮೊದಲಿನ ‘ಅನ್’ ನಮ್ಮ ಅನಂತದಲ್ಲಿರುವ ‘ಅನ್’ ಥರವೇ, ‘ಇಲ್ಲ’ ಅನ್ನುವುದಕ್ಕೆ. ಲ್ಯೂಕೋಸ್ ಅಂದರೆ ಬಿಳಿ, ರಕ್ತದ ಕ್ಯಾನ್ಸರ್ ಆದ ಲ್ಯುಕೀಮಿಯ ತಾನಾಗಿ ಬಿಚ್ಚಿಕೊಂಡಿತು. ಹಿಮೋಫಿಲಿಯದಲ್ಲಿ ಮಾತ್ರ ತಕರಾರು. ‘ಫಿಲಿಯ ಪ್ರೀತಿ ಅಂತೀರಿ, ರಕ್ತ ನಿಲ್ಲದ ಕಾಯಿಲೆಗೆ ಎಂಥ ಪ್ರೀತಿ ಸಾರ್?’ ರಕ್ತ ಸುರಿಯುವ ಕಡೆಗೇ ಒಲವು ಅಂತ ಏನೋ ಸಮಾಧಾನ ಹೇಳಿದೆ. ಪೂರ್ತಿ ಒಪ್ಪಲಿಲ್ಲ.

ಹೋಮೋದಲ್ಲಿ ಎಡವಿದ್ದು ನಾನೇ. ಹೋಮೋ ಸೇಪಿಯನ್ಸ್ ಹೇಳಿಕೊಟ್ಟು, ಹೋಮೋ ಅಂದರೆ ಮನುಷ್ಯ ಅಂತ ಬರೆಸಿದ್ದೆ. ಅನುವಂಶೀಯತೆಯ ಮೆಂಡೆಲ್ ಪಾಠ ಬಂದಾಗ ಒಬ್ಬ ಎದ್ದು ನಿಂತ. ‘ಬಟಾಣಿ ಗಿಡ ಹೋಮೋಜೈಗಸ್ ಅಂದರೆ ಅದರೊಳಗೆ ಮನುಷ್ಯ ಎಲ್ಲಿಂದ ಬಂದ?’ ಮನುಷ್ಯ ಅನ್ನುವುದು ಲ್ಯಾಟಿನ್ ಹೋಮೋ, ‘ಒಂದೇ ಥರ’ ಅನ್ನುವುದು ಗ್ರೀಕ್ ಹೋಮೋಸ್. ಹೋಮೋಜೈಗಸ್ ಅಂದರೆ ಜೀನ್ ಜೋಡಿಯಲ್ಲಿ ಎರಡೂ ಒಂದೇ ಥರ. ಈಗ ಎರಡನ್ನೂ ಒಟ್ಟಿಗೆ ಕಲಿಸುವುದಿಲ್ಲ.

ಸುಮ್ನೆ ಇರಲಾರದೆ ಕೆಮಿಸ್ಟ್ರಿಗೂ ಕೈ ಹಾಕಿದೆ. ಸೀಸದ ಸಂಕೇತ ಪಿಬಿ (Pb) ಯಾಕೆ? ಲ್ಯಾಟಿನ್ನಿನ ಪ್ಲಂಬಂ. ರೋಮನ್ನರ ನೀರಿನ ಪೈಪು ಸೀಸದ್ದು, ಪ್ಲಂಬರ್ ಅನ್ನುವ ಪದವೂ ಅಲ್ಲಿಂದಲೇ. ಅಪ್ಪ ಪ್ಲಂಬರ್ ಆಗಿದ್ದ ಹುಡುಗ ಅದನ್ನು ಜನ್ಮದಲ್ಲಿ ಮರೆಯಲ್ಲ.

ಈಗ ಕಾರ್ಡಿಗೆ ಖರ್ಚೇ ಇಲ್ಲ, ಹಳೇ ಲಗ್ನಪತ್ರಿಕೆ ಹಿಂಬದಿ ಸಾಕು. ಮೊದಲು 45 ಮಕ್ಕಳಲ್ಲಿ ಹತ್ತು ಜನ ಪದ ಬಿಡಿಸಿದರೆ ಜಾಸ್ತಿ. ಹೋದ ವರ್ಷ 40ರ ಹತ್ತಿರ. ಯಾವ ರೂಟ್ ಆದಮೇಲೆ ಯಾವುದು ಅನ್ನುವ ಕ್ರಮ ಮಾತ್ರ ಹೇಳಲ್ಲ, ಅದಕ್ಕೆ ನನಗೆ ನಾಲ್ಕು ವರ್ಷ ಹಿಡಿದಿದೆ. ನಕ್ಕಿದ್ದ ಮೇಷ್ಟ್ರು ಹೋದ ತಿಂಗಳು ಕಾರ್ಡಿನ ಡಬ್ಬಿ ಕೇಳಿ ಒಯ್ದರು. ಇನ್ನೂ ವಾಪಸ್ ಬಂದಿಲ್ಲ.