ಕ್ರೂಸ್ ಊಟಕ್ಕೆ ಬೀರುವಿನಲ್ಲಿರುವ ಬಟ್ಟೆಯೇ ಸಾಕು

ಕ್ರೂಸ್, ಅಂದರೆ ಸಮುದ್ರದ ಮೇಲೆ ದೊಡ್ಡ ಹಡಗಿನ ಪ್ರವಾಸ, ಬುಕ್ ಮಾಡಿದವರಿಂದ ನನಗೆ ಬರುವ ಫೋನ್ ಎಲ್ಲಾ ಒಂದೇ ಥರ. ‘ಆಂಟಿ, ರಾತ್ರಿ ಊಟಕ್ಕೆ ಗೌನ್ ಹಾಕ್ಕೊಳ್ಳಲೇಬೇಕಂತೆ, ಹೌದಾ? ಇವರ ಹತ್ರ ಒಂದು ನೆಟ್ಟಗಿರೋ ಟೈ ಇಲ್ಲ, ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿಬರಲಾ?’ ಹೋಗಬೇಡಿ. ದುಡ್ಡು ಉಳಿಸಿ. ಬೀರುವಿನಲ್ಲಿ ಇರುವುದೇ ಸಾಕಾಗುತ್ತದೆ. ಆದರೆ ಆರಿಸುವಾಗ ಒಂದು ಮಾತು ತಲೆಯಲ್ಲಿರಲಿ: ನಿಮ್ಮ ರೂಮಿನಲ್ಲಿ ಇಸ್ತ್ರಿ ಪೆಟ್ಟಿಗೆ ಇರುವುದಿಲ್ಲ, ಮನೆಯಿಂದ ಒಯ್ದರೂ ಬಿಡುವುದಿಲ್ಲ.

ಕಾರಣ ಬೆಂಕಿ. ನಡುಸಮುದ್ರದಲ್ಲಿ ಬೆಂಕಿ ಬಿದ್ದರೆ ಓಡಿಹೋಗುವುದಕ್ಕೆ ಜಾಗ ಎಲ್ಲಿದೆ? ಅದಕ್ಕೇ ಇಸ್ತ್ರಿ ಪೆಟ್ಟಿಗೆ, ಬಟ್ಟೆಗೆ ಹಬೆ ಹಾಕುವ ಸ್ಟೀಮರ್, ನೀರು ಕಾಯಿಸುವ ಕೆಟಲ್, ಎಕ್ಸ್‌ಟೆನ್ಷನ್ ಬಾಕ್ಸ್, ಮೇಣದಬತ್ತಿ, ಊದುಬತ್ತಿ ಇವನ್ನು ಹೆಚ್ಚುಕಡಿಮೆ ಎಲ್ಲಾ ಕಂಪನಿಗಳೂ ಬೇಡ ಅನ್ನುತ್ತವೆ. ಏರ್‌ಪೋರ್ಟಿನ ಹಾಗೆ ಬಂದರಿನಲ್ಲೂ ಸೂಟ್‌ಕೇಸ್ ಸ್ಕ್ಯಾನ್ ಆಗುತ್ತದೆ. ಸಿಕ್ಕಿದ್ದನ್ನು ಎತ್ತಿಟ್ಟುಕೊಂಡು ಸಾಮಾನ್ಯವಾಗಿ ಇಳಿಯುವ ದಿನ ವಾಪಸ್ ಕೊಡುತ್ತಾರೆ. ಪ್ರಿನ್ಸೆಸ್, ಕ್ಯೂನಾರ್ಡ್ ಕಂಪನಿಗಳ ಹಡಗುಗಳಲ್ಲಿ ಪ್ರಯಾಣಿಕರೇ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಳ್ಳುವ ಕೋಣೆಗಳಿವೆ. ಆದರೆ ಒಳ್ಳೆಯ ಬಟ್ಟೆ ಹಾಕುವ ಸಂಜೆ ಅಲ್ಲೂ ಕ್ಯೂ. ರಾಯಲ್ ಕೆರಿಬಿಯನ್‌ನಲ್ಲಿ ಅಂಥ ಕೋಣೆಯೇ ಇಲ್ಲ, ಲಾಂಡ್ರಿಗೆ ಕೊಟ್ಟು ಒಂದೊಂದು ಬಟ್ಟೆಗೂ ಡಾಲರ್ ಲೆಕ್ಕದಲ್ಲಿ ಕೊಡಬೇಕು. ಬೀದಿ ಮೂಲೆಯ ಹೊಂಗೆ ಮರದಡಿ ಇಸ್ತ್ರಿ ಗಾಡಿ ಇರುವ ಬೆಂಗಳೂರಿನವರಿಗೆ ಇದು ಅಲ್ಲಿ ಹೋದ ಮೇಲೇ ಅರ್ಥವಾಗೋದು.

ಇನ್ನು ಎಷ್ಟು ಜೊತೆ ಬೇಕು ಅನ್ನುವುದು. ದಿನ ಎಣಿಸಬೇಡಿ, ರಾತ್ರಿ ಊಟ ಎಣಿಸಿ. ಹಗಲಲ್ಲಿ ಏನು ಹಾಕಿದರೂ ನಡೆಯುತ್ತದೆ. 7 ರಾತ್ರಿಯ ಪ್ರಯಾಣವಾದರೆ ‘ಫಾರ್ಮಲ್ ನೈಟ್’, ಅಂದರೆ ಎಲ್ಲರೂ ಚೆನ್ನಾಗಿ ಅಲಂಕರಿಸಿಕೊಂಡು ಊಟಕ್ಕೆ ಬರುವ ರಾತ್ರಿ, ಸಾಮಾನ್ಯವಾಗಿ 1 ಅಥವಾ 2 ಇರುತ್ತದೆ. ನಮ್ಮವರು ಹೆಚ್ಚಾಗಿ ಹೋಗುವ, ಸಿಂಗಪುರದಿಂದ ಹೊರಟು ಮೂರ್ನಾಲ್ಕು ರಾತ್ರಿಗೆ ವಾಪಸ್ ಬರುವ ಟ್ರಿಪ್ಪಿನಲ್ಲಿ ಹೆಚ್ಚೆಂದರೆ 1. ಅದನ್ನು ಮೊದಲ ರಾತ್ರಿ ಇಡುವುದು ಅಪರೂಪ, ಯಾಕಂದರೆ ಎಷ್ಟೋ ಜನರ ಸೂಟ್‌ಕೇಸ್ ಇನ್ನೂ ರೂಮಿಗೇ ಬಂದಿರುವುದಿಲ್ಲ. ಕೊನೆಯ ರಾತ್ರಿಯೂ ಇರುವುದಿಲ್ಲ, ಆಗ ಎಲ್ಲರೂ ಪ್ಯಾಕಿಂಗಿನಲ್ಲಿ ಮುಳುಗಿರುತ್ತಾರೆ. ಹಡಗು ಯಾವ ಊರಲ್ಲೂ ನಿಲ್ಲದೆ ಇಡೀ ದಿನ ನೀರಿನ ಮೇಲೇ ಇರುವ ದಿನವೇ ಸಾಮಾನ್ಯವಾಗಿ ಇದಕ್ಕೆ ಗೊತ್ತು ಮಾಡಿರುತ್ತಾರೆ. ಉಳಿದ ರಾತ್ರಿಗಳಿಗೆ ನಾವು ಯಾರದೋ ಮನೆ ನಾಮಕರಣಕ್ಕೆ ಹೋಗುವಾಗ ಹಾಕುವಷ್ಟು ನೀಟಾದ ಬಟ್ಟೆ ಸಾಕು. ಚೂಡಿದಾರ್, ಕುರ್ತಾ, ಪ್ಯಾಂಟು, ಕಾಲರ್ ಇರುವ ಶರ್ಟು. ದೊಡ್ಡ ಡೈನಿಂಗ್ ಹಾಲಿಗೆ ಈಜುಡುಗೆ, ತೋಳಿಲ್ಲದ ಬನಿಯನ್ ಥರದ್ದು ನಡೆಯುವುದಿಲ್ಲ, ಚಡ್ಡಿಗೂ ರಾತ್ರಿ ಹೊತ್ತು ಎಷ್ಟೋ ಕಡೆ ಬೇಡ ಅನ್ನುತ್ತಾರೆ. ಇದೆಲ್ಲಾ ರಗಳೆಯೇ ಬೇಡ ಅನ್ನುವವರಿಗೆ ಮೇಲೆ ಬಫೆ ಇದ್ದೇ ಇದೆ, ಯಾರೂ ಬೈಯುವುದಿಲ್ಲ.

ಕಂಪನಿಯಿಂದ ಕಂಪನಿಗೆ ಮಡಿ ಜಾಸ್ತಿ ಕಡಿಮೆ ಇರುತ್ತದೆ. ನಾರ್ವೇಜಿಯನ್ ಕಂಪನಿಯ ಹಡಗಿನಲ್ಲಿ ಕಡ್ಡಾಯದ ಫಾರ್ಮಲ್ ರಾತ್ರಿ ಇಲ್ಲ. ಕ್ಯೂನಾರ್ಡ್‌ನವರು ಹಳೇ ಕಾಲದವರು. ಸಂಜೆ 6ರ ಮೇಲೆ ಅವರ ಶಿಸ್ತೇ ಬೇರೆ, ‘ಗಾಲಾ ಈವನಿಂಗ್’ ಅಂತ ಕರೆದು ಕಪ್ಪು ಸೂಟು, ಬೋ ಟೈ ಎಲ್ಲಾ ಕೇಳುತ್ತಾರೆ. ಆದರೂ ಅವರವರ ದೇಶದ ಒಳ್ಳೆಯ ಉಡುಪಿಗೆ ಅಡ್ಡಿಯಿಲ್ಲ ಅನ್ನುತ್ತಾರೆ. ಮುಂಬೈಯಿಂದ ಹೊರಡುವ ಕಾರ್ಡೇಲಿಯಾ ಹಡಗಿನಲ್ಲಿ ಮುಕ್ಕಾಲು ಪಾಲು ನಮ್ಮ ದೇಶದವರೇ, ಅಲ್ಲಿ ಸೀರೆ ಉಟ್ಟರೆ ಯಾರೂ ತಿರುಗಿ ನೋಡುವುದಿಲ್ಲ. ಬೇರೆ ಹಡಗಿನಲ್ಲಿ ಎಲ್ಲರೂ ತಿರುಗಿ ನೋಡುತ್ತಾರೆ, ಫೋಟೋ ತೆಗೆಯಲಾ ಅಂತ ಕೇಳುತ್ತಾರೆ. ಗೌನಿಗೆ ಸುರಿಯುವ ಸಾವಿರಾರು ರೂಪಾಯಿ ನನಗೆ ದಂಡ ಅನ್ನಿಸುವುದು ಇದಕ್ಕೇ.

ಯಾವ ಸೀರೆ? ನನ್ನ ಓಟು ಮೈಸೂರು ಸಿಲ್ಕಿಗೆ, ಕಣ್ಣು ಮುಚ್ಚಿಕೊಂಡು. ಊರಿನ ಅಭಿಮಾನಕ್ಕೆ ಹೇಳುತ್ತಿಲ್ಲ. 1912ರಲ್ಲಿ ಮಹಾರಾಜರ ಕಾಲಕ್ಕೆ ಮೈಸೂರಿನಲ್ಲಿ ಶುರುವಾದ ಕಾರ್ಖಾನೆಯಲ್ಲಿ ಇವತ್ತಿಗೂ ನೇಯುವ ಆ ಕ್ರೇಪ್ ಬಟ್ಟೆಯ ನೂಲನ್ನು ಚೆನ್ನಾಗಿ ಹುರಿಗೊಳಿಸಿರುತ್ತಾರೆ. ಅದರಿಂದ ಬಟ್ಟೆ ಮುದುಡಿದರೂ ತಾನೇ ಬಿಡಿಸಿಕೊಳ್ಳುತ್ತದೆ. ಮಡಿಸಿಟ್ಟರೆ ಸಣ್ಣ ಜಾಗ, ತೂಕವೂ ಕಡಿಮೆ. ಮಧ್ಯಾಹ್ನ ಹ್ಯಾಂಗರಿಗೆ ಹಾಕಿದರೆ ಸಂಜೆಗೆ ಉಡುವ ಹಾಗಿರುತ್ತದೆ. ಜಾರ್ಜೆಟ್, ಶಿಫಾನ್ ಕೂಡ ಸರಿ. ಕಾಂಜೀವರಂ ಮನೆಯಲ್ಲಿರಲಿ. ಭಾರ, ಮಡಿಕೆ ಬಿದ್ದ ಕಡೆ ಜರಿ ಮುರಿಯುವ ಭಯ ಬೇರೆ. ಗಂಜಿ ಹಾಕಿದ ಕಾಟನ್, ಚಂದೇರಿ ಯಾವುದೂ ಬೇಡವೇ ಬೇಡ, ಸೂಟ್‌ಕೇಸಿನಿಂದ ತೆಗೆದಾಗ ಮುಖ ಮುರಿದುಕೊಂಡೇ ಬರುತ್ತವೆ.

ಮಡಿಸುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಅರ್ಧ ಕೆಲಸ ಇಲ್ಲೇ ಇರೋದು. ಮೆತ್ತಗಾಗಿರುವ ಹಳೇ ಬಿಳಿ ಪಂಚೆ ಒಂದನ್ನು ಹಾಸಿಗೆಯ ಮೇಲೆ ಹಾಸಿ. ಸೀರೆಯನ್ನು ಜರಿ ಅಂಚು ಒಳಗೆ ಬರುವ ಹಾಗೆ ಉದ್ದಕ್ಕೆ ಮಡಿಸಿ ಅದರ ಮೇಲೆ ಇಡಿ. ಈಗ ಆ ಸೀರೆಯ ಜೊತೆ ಉಡುವ ಲಂಗವನ್ನು ಸುರುಳಿ ಸುತ್ತಿ ಒಂದು ತುದಿಯಲ್ಲಿಟ್ಟು, ಅದರ ಸುತ್ತಲೇ ಸೀರೆಯನ್ನೂ ಪಂಚೆಯನ್ನೂ ಒಟ್ಟಿಗೆ ದೋಸೆ ಸುತ್ತಿದ ಹಾಗೆ ಸಡಿಲವಾಗಿ ಸುತ್ತಿಕೊಂಡು ಹೋಗಿ. ಚೂಪು ಮಡಿಕೆ ಎಲ್ಲೂ ಬೀಳುವುದಿಲ್ಲ. ಬ್ಲೌಸ್, ಪಿನ್ನು ಎಲ್ಲಾ ಒಂದು ಸಣ್ಣ ಚೀಲದಲ್ಲಿ ಹಾಕಿ ಪಂಚೆಯ ಕೊನೆಯ ಸುತ್ತಿನೊಳಗೆ ಸೇರಿಸಿದರೆ ಆ ರಾತ್ರಿಯ ಉಡುಗೆ ಪೂರ್ತಿ ಒಂದೇ ಗಂಟು. ನ್ಯೂಸ್ ಪೇಪರಿನಲ್ಲಿ ಮಾತ್ರ ಸುತ್ತಬೇಡಿ, ಮಸಿ ಹತ್ತುತ್ತದೆ. ಒಂದು ಚಿನ್ನದ ಬಣ್ಣದ ಬ್ಲೌಸೋ ಕಪ್ಪು ಬ್ಲೌಸೋ ಇದ್ದರೆ ಎರಡು ಸೀರೆಗೂ ಆಗುತ್ತದೆ. ಹೊರಡುವ ಮುಂಚೆ ಒಂದು ಸಲ ತೊಟ್ಟು ನೋಡಿ, ಹೊಲಿಗೆ ಬಿಚ್ಚಬೇಕಾದರೆ ಟೈಲರ್ ಇಲ್ಲೇ ಇದ್ದಾನೆ, ಅಲ್ಲಿಲ್ಲ.

ಸೆರಗಿಗೆ ಪಿನ್ ಹಾಕಲೇಬೇಕು. ಊಟ ಮುಗಿಸಿ ಡೆಕ್ಕಿಗೆ ಕಾಲಿಟ್ಟರೆ ಗಾಳಿ ಸೆರಗನ್ನು ಪಕ್ಕದವರ ಮುಖಕ್ಕೆ ಒಯ್ಯುತ್ತದೆ. ಲಂಗದ ಲಾಡಿ ಸಡಿಲ ಇರಲಿ. ಸೂಪು, ಸಲಾಡು, ಮೇನ್ ಕೋರ್ಸು, ಸಿಹಿ ಅಂತ ಒಂದೊಂದಾಗಿ ಒಂದೂವರೆ ಗಂಟೆ ಬಡಿಸುತ್ತಲೇ ಇರುತ್ತಾರೆ. ಹಾಲಿನಲ್ಲಿ ಎಸಿ ಚಳಿ ಬೇರೆ, ಒಂದು ಶಾಲು ತೊಡೆಯ ಮೇಲೆ ಇರಲಿ. ಎತ್ತರದ ಹೀಲ್ಸ್ ಬೇಡ. ಹಡಗು ಸ್ವಲ್ಪ ಓಲಾಡಿದರೂ ಕಾಲು ಉಳುಕುತ್ತದೆ, ಡೆಕ್ಕಿನ ಹಲಗೆಯ ಸಂದಿಗೆ ಹೀಲು ಸಿಕ್ಕಿಕೊಳ್ಳುತ್ತದೆ. ಮಲ್ಲಿಗೆ ಇಲ್ಲದೆ ನನಗೆ ಸೀರೆ ಉಟ್ಟ ಹಾಗೇ ಆಗುವುದಿಲ್ಲ, ಆದರೂ ಗಾಂಧಿಬಜಾರಿನ ಮೊಳ ಹೂವು ಕಟ್ಟಿಕೊಂಡು ಹೋಗಬೇಡಿ. ಹಸಿ ಹೂವಿಗೆ ಎಷ್ಟೋ ದೇಶಗಳಲ್ಲಿ ತಡೆ ಇದೆ.

ಚಿನ್ನವೂ ಬೇಡ. ರೂಮಿನಲ್ಲಿ ನಂಬರ್ ಹಾಕುವ ಪುಟ್ಟ ಲಾಕರ್ ಇರುತ್ತದೆ ನಿಜ. ಆದರೆ ಅದು ಪಾಸ್‌ಪೋರ್ಟಿಗೆ, ದುಡ್ಡಿಗೆ. ಮುತ್ತಿನ ಸರ, ಒಂದು ಜೊತೆ ಜುಮುಕಿ, ಮುಗಿಯಿತು.

ಗಂಡಸರ ವಿಷಯ. ಬೆಂಗಳೂರಿನಲ್ಲಿ ಯಾರ ಮನೆ ಬೀರು ತೆಗೆದರೂ ರಿಸೆಪ್ಷನ್ನಿಗೆ ಹೊಲಿಸಿದ ಸೂಟು ಒಂದು ನುಸಿಗುಳಿಗೆ ವಾಸನೆ ಹೊಡೆಯುತ್ತಾ ನೇತಾಡುತ್ತಿರುತ್ತದೆ, ಅಲ್ವಾ? ಅದನ್ನೇ ತೆಗೆಯಿರಿ. ಒಂದು ವಾರ ಮುಂಚೆ ನೆರಳಿನಲ್ಲಿ ಗಾಳಿಗೆ ಹಾಕಿ, ಆಮೇಲೆ ತೊಡಿಸಿ ನೋಡಿ. ಪ್ಯಾಂಟಿನ ಸೊಂಟ ಹಿಡಿಯದಿದ್ದರೆ ಒಳಗೆ ಬಿಟ್ಟಿರುವ ಬಟ್ಟೆಯನ್ನು ಟೈಲರ್ ಬಿಚ್ಚಿಕೊಡುತ್ತಾರೆ. ಸೂಟೇ ಇಲ್ಲವೇ, ಜೋಧಪುರಿ ಕೋಟು ಬಹಳ ಚೆನ್ನ. ಟೈ ಕಟ್ಟುವ ಗೋಳಿಲ್ಲ, ಒಳಗಿನ ಶರ್ಟು ಸುಕ್ಕಾಗಿದ್ದರೂ ಕಾಣುವುದಿಲ್ಲ. ಕೋಟು ಮಡಿಸುವಾಗ ಒಂದು ಭುಜವನ್ನು ಒಳಗಿನಿಂದ ಹೊರಕ್ಕೆ ತಿರುವಿ, ಇನ್ನೊಂದು ಭುಜವನ್ನು ಅದರೊಳಗೆ ಕೂರಿಸಿ. ಲೈನಿಂಗ್ ಹೊರಗೆ ಬರುತ್ತದೆ, ಬಟ್ಟೆ ಒಳಗೆ ಉಳಿಯುತ್ತದೆ. ಅಲ್ಲಿಗೆ ಹೋದ ಮೇಲೂ ಸುಕ್ಕಿದ್ದರೆ ಯಾರಾದರೂ ಬಿಸಿನೀರು ಸ್ನಾನ ಮಾಡುವಾಗ ಬಚ್ಚಲಲ್ಲಿ ನೇತುಹಾಕಿ, ಹಬೆಗೆ ಸಡಿಲವಾಗುತ್ತದೆ. ಹಡಗಿನ ಬಚ್ಚಲು ಬೀರುವಿನಷ್ಟೇ ಇರುವುದರಿಂದ ಹಬೆ ಬೇಗ ತುಂಬುತ್ತದೆ. ರೇಷ್ಮೆ ಸೀರೆಗೆ ಇದನ್ನು ಮಾಡಬೇಡಿ, ನೀರು ಹನಿ ಬಿದ್ದರೆ ಕಲೆ ನಿಲ್ಲುತ್ತದೆ.

ಶೂ ನೋಡುವುದನ್ನು ಎಲ್ಲರೂ ಮರೆಯುತ್ತಾರೆ. ವರ್ಷಗಟ್ಟಲೆ ಡಬ್ಬಿಯಲ್ಲಿ ಕೂತ ಶೂಗಳ ಅಡಿಯ ಸೋಲು, ಅದರಲ್ಲೂ ಸ್ಪಂಜಿನ ಥರದ ಪಿಯು (ಪಾಲಿಯುರೆಥೇನ್) ಸೋಲು, ಗಾಳಿಯ ತೇವಕ್ಕೆ ಒಳಗೊಳಗೇ ಸತ್ತಿರುತ್ತದೆ. ನೋಡಲು ಹೊಸದರ ಹಾಗೇ ಇರುತ್ತದೆ. ನಮ್ಮ ಮೈದುನ ಅಂಥ ಶೂ ಹಾಕಿಕೊಂಡು ಡೈನಿಂಗ್ ಹಾಲಿಗೆ ನಡೆದು ಬಂದರು. ಲಿಫ್ಟಿನಿಂದ ಟೇಬಲ್‌ವರೆಗೆ ಕಾರ್ಪೆಟ್ಟಿನ ಮೇಲೆ ಕಪ್ಪು ಪುಡಿ ಉದುರಿದ ಗುರುತು, ಸಿಹಿ ಬರುವ ಹೊತ್ತಿಗೆ ಒಂದು ಸೋಲು ಬಾಯಿ ತೆರೆದುಕೊಂಡೇ ಬಿಟ್ಟಿತ್ತು. ಮನೆಯಲ್ಲೇ ಒಂದು ಸಂಜೆ ಶೂ ಹಾಕಿಸಿ ನಾಲ್ಕು ಸುತ್ತು ಓಡಾಡಿಸಿ, ಸತ್ಯ ಹೊರಗೆ ಬರುತ್ತದೆ.

ಹಡಗು ಹತ್ತುವ ದಿನ ದೊಡ್ಡ ಸೂಟ್‌ಕೇಸನ್ನು ಬಂದರಿನಲ್ಲೇ ಟ್ಯಾಗ್ ಹಾಕಿ ತೆಗೆದುಕೊಳ್ಳುತ್ತಾರೆ. ರೂಮಿನ ಬಾಗಿಲಿಗೆ ಬರುವುದು ಸಂಜೆಯಾಗಬಹುದು, ಒಮ್ಮೊಮ್ಮೆ ಊಟದ ಹೊತ್ತೂ ಮೀರಬಹುದು. ಹಾಗಾಗಿ ಆ ರಾತ್ರಿಯ ಒಂದು ಜೊತೆ ಬಟ್ಟೆ, ಮಾತ್ರೆಗಳು, ಮೆನು ಓದುವ ಕನ್ನಡಕ, ಪಾಸ್‌ಪೋರ್ಟ್ ಕೈಚೀಲದಲ್ಲೇ ಇರಲಿ. ಸೂಟ್‌ಕೇಸ್ ಬಂದ ಕೂಡಲೇ, ಎಷ್ಟೇ ಸುಸ್ತಾಗಿದ್ದರೂ, ಫಾರ್ಮಲ್ ರಾತ್ರಿಯ ಬಟ್ಟೆ ಮೊದಲು ತೆಗೆದು ನೇತುಹಾಕಿ. ರೂಮಿನಲ್ಲಿ ಹ್ಯಾಂಗರ್ ಸಾಲುವುದಿಲ್ಲ, ಮೂರ್ನಾಲ್ಕು ತೆಳುವಾದ್ದು ಒಯ್ಯಿರಿ. ಇನ್ನೊಂದು ಉಪಾಯ ಇದೆ. ಹೆಚ್ಚಿನ ಹಡಗುಗಳಲ್ಲಿ ರೂಮಿನ ಗೋಡೆ ಕಬ್ಬಿಣದ್ದು, ಮ್ಯಾಗ್ನೆಟ್ ಕೊಕ್ಕೆ ಇಟ್ಟರೆ ಗಪ್ಪನೆ ಹಿಡಿಯುತ್ತದೆ. ಶಾಲು, ವ್ಯಾನಿಟಿ ಬ್ಯಾಗು, ನಾಳೆಯ ಕುರ್ತಾ ಎಲ್ಲಾ ಗೋಡೆಗೇ.

ಸೀರೆಯ ಮೇಲೆ ಎಣ್ಣೆ, ಬೆಣ್ಣೆ, ಸಾಸು ಏನಾದರೂ ಬಿದ್ದರೆ ಗಾಬರಿಯಲ್ಲಿ ನೀರು ಹಾಕಿ ಉಜ್ಜಲು ಹೋಗಬೇಡಿ. ನ್ಯಾಪ್‌ಕಿನ್ನಿನಿಂದ ಒತ್ತಿ ತೆಗೆದು, ರೂಮಿಗೆ ಬಂದು ಆ ಜಾಗಕ್ಕೆ ಟಾಲ್ಕಂ ಪೌಡರ್ ಧಾರಾಳವಾಗಿ ಸುರಿದು ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಮೆತ್ತಗೆ ಕೊಡವಿ. ಜಿಡ್ಡು ಬಹುಪಾಲು ಪೌಡರಿಗೆ ಹತ್ತಿಕೊಂಡಿರುತ್ತದೆ. ಉಳಿದದ್ದು ಊರಿಗೆ ಬಂದ ಮೇಲೆ ಡ್ರೈಕ್ಲೀನಿನವರ ಪಾಲು. ಜರಿಯ ಮೇಲೆ ಸೆಂಟ್ ಹೊಡೆಯಬೇಡಿ, ಕಪ್ಪಾಗುತ್ತದೆ.

ಊಟದ ಹೊತ್ತು ಎರಡು ಸರದಿ ಇರುವ ಹಡಗುಗಳಲ್ಲಿ ಮೊದಲನೆಯದು ಸಂಜೆ 5.30–6ಕ್ಕೆಲ್ಲಾ ಶುರು. ಅದು ನಮಗೆ ಕಾಫಿ ಹೊತ್ತು. ಎರಡನೆಯದನ್ನು ಕೇಳಿ, 8ರ ಆಸುಪಾಸು. ಸೀರೆ ಉಡಲು ಸಮಯವೂ ಸಿಗುತ್ತದೆ. ಸಸ್ಯಾಹಾರ, ಈರುಳ್ಳಿ ಬೆಳ್ಳುಳ್ಳಿ ಬೇಡ ಅನ್ನುವುದನ್ನು ಬುಕ್ ಮಾಡುವಾಗಲೇ ಬರೆಸಿ, ಮೊದಲ ರಾತ್ರಿ ಬಡಿಸುವವರಿಗೆ ಇನ್ನೊಮ್ಮೆ ಹೇಳಿ. ದಿನಾ ಅದೇ ಟೇಬಲ್ಲಾದರೆ ಅವರೇ ಮಾರನೆಯ ದಿನದ ಮೆನು ತಂದು ತೋರಿಸಿ, ಬೇಕಿದ್ದರೆ ಒಂದು ಪಲ್ಯ, ದಾಲು ಮಾಡಿಸಿಕೊಡುತ್ತಾರೆ. ಮನೆಯಲ್ಲಿ ಮಾಡಿದ ಪುಳಿಯೋಗರೆ ಗೊಜ್ಜು ಹತ್ತಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಅಂಗಡಿಯ ಸೀಲ್ ಮಾಡಿದ ಚಟ್ನಿಪುಡಿ ಪೊಟ್ಟಣ ಎಷ್ಟೋ ಕಡೆ ನಡೆಯುತ್ತದೆ. ಸಪ್ಪೆ ಸೂಪಿಗೆ ಉದುರಿಸಿಕೊಂಡರೆ ಜೀವ ಬರುತ್ತದೆ, ಅಕ್ಕಪಕ್ಕದವರು ಏನಾದರೂ ಅಂದುಕೊಳ್ಳಲಿ. ತಲೆ ಸುತ್ತುವವರು ಖಾಲಿ ಹೊಟ್ಟೆಯಲ್ಲಿ ಇರಬೇಡಿ, ಮಾತ್ರೆ ಬೇಕಾದರೆ ಇಲ್ಲೇ ನಿಮ್ಮ ಡಾಕ್ಟರನ್ನು ಕೇಳಿ ತೆಗೆದುಕೊಂಡು ಹೋಗಿ.

ಕೊನೆಯ ರಾತ್ರಿ ಊಟ ಆದ ಮೇಲೆ ಸೂಟ್‌ಕೇಸ್ ಕಟ್ಟಿ ಬಾಗಿಲ ಹೊರಗೆ ಇಡಿ ಅನ್ನುತ್ತಾರೆ. ಮಲಗುವ ಹೊತ್ತಿಗೆ ಅದನ್ನು ಒಯ್ದುಬಿಡುತ್ತಾರೆ, ಮತ್ತೆ ಕೈಗೆ ಸಿಗುವುದು ಬೆಳಿಗ್ಗೆ ಬಂದರಿನಲ್ಲಿ. ಆತುರದಲ್ಲಿ ಎಲ್ಲವನ್ನೂ ತುಂಬಿ ಹೊರಗಿಟ್ಟು, ನೈಟಿಯಲ್ಲಿ ಉಳಿದುಬಿಡುವವರು ಪ್ರತಿ ಹಡಗಿನಲ್ಲೂ ಇರುತ್ತಾರೆ. ಊಟದ ಬಟ್ಟೆ ಬಿಚ್ಚುವ ಮುಂಚೆಯೇ ಬೆಳಗಿನ ಚೂಡಿದಾರ್, ಒಳಬಟ್ಟೆ, ಮಾತ್ರೆ ಡಬ್ಬಿ, ಮತ್ತೆ ಮುಖ್ಯವಾಗಿ ಒಂದು ಜೊತೆ ಚಪ್ಪಲಿಯನ್ನು ಎತ್ತಿ ಮಂಚದ ಮೇಲೆ ಇಟ್ಟುಕೊಳ್ಳಿ.