ಕ್ಯಾಟಮರಾನ್‌ನಲ್ಲೇ ಸಂಸಾರ ಹೂಡುವವರಿಗೆ

ಕ್ಯಾಟಮರಾನ್ ಅಂದರೆ ಅಕ್ಕಪಕ್ಕ ಎರಡು ಒಡಲಿರುವ ಹಾಯಿದೋಣಿ. ಅದರಲ್ಲಿ ಜಾಗ ಜಾಸ್ತಿ ಇದೆ ಅಂತ ಸಿಕ್ಕಿದ್ದನ್ನೆಲ್ಲ ತುಂಬಬೇಡಿ. ಭಾರ ಹೆಚ್ಚಾದರೆ ದೋಣಿಯ ವೇಗ ಕುಸಿಯುತ್ತದೆ, ಆಮೇಲೆ ಸುಮ್ನೆ ಎಂಜಿನ್ ಓಡಿಸಿ ಡೀಸೆಲ್ ಸುಡಬೇಕಾಗುತ್ತದೆ, ಅಲ್ವಾ? ಸೋಲಾರ್ ಪ್ಯಾನೆಲ್‌ಗಳನ್ನು ಹಿಂಭಾಗದಲ್ಲಿ, ಹಾಯಿಯ ನೆರಳು ಆದಷ್ಟು ಬೀಳದ ಕಡೆ ಕೂರಿಸಿ. ಒಂದು ಮೂಲೆಗೆ ನೆರಳು ಬಿದ್ದರೂ ಕರೆಂಟು ಚೆನ್ನಾಗೇ ಇಳಿಯುತ್ತದೆ. ಉಪ್ಪುನೀರನ್ನು ಸಿಹಿನೀರು ಮಾಡುವ ಯಂತ್ರವನ್ನು ಬಿಸಿಲು ಏರಿದಾಗ ಓಡಿಸಿ. ಬಂದರಿನೊಳಗೆ ಮಾತ್ರ ಬೇಡ, ನೀರಲ್ಲಿ ತೇಲುವ ಎಣ್ಣೆ ಯಂತ್ರದಲ್ಲಿ ಉಪ್ಪು ಸೋಸುವ ಪೊರೆಯನ್ನು ಹಾಳು ಮಾಡುತ್ತದೆ. ಪಾತ್ರೆಗಳನ್ನು ಸಮುದ್ರದ ನೀರಲ್ಲೇ ಉಜ್ಜಿ, ಕೊನೆಗೆ ಸ್ವಲ್ಪ ಸಿಹಿನೀರಲ್ಲಿ ಜಾಲಿಸಿ ಸಾಕು. ಲಂಗರು ಹಾಕಲು ತಿಳಿ ಬಣ್ಣದ ಮರಳನ್ನೇ ಹುಡುಕಿ. ಕಪ್ಪಾಗಿ ಕಾಣುವುದು ಸಮುದ್ರಹುಲ್ಲೋ ಹವಳವೋ ಇರಬಹುದು, ಸರಪಳಿ ಎಳೆದಾಡಿ ಕಿತ್ತುಹೋದರೆ ಮತ್ತೆ ಬೆಳೆಯಲು ವರ್ಷಗಳೇ ಬೇಕು. ಹಡಗುಗಳಿಂದ ಕಡಲು ಕೊಳೆಯಾಗದಂತೆ ತಡೆಯುವ ಅಂತರರಾಷ್ಟ್ರೀಯ ಒಪ್ಪಂದವಾದ ಮಾರ್ಪೋಲ್‌ನ ನಿಯಮದಂತೆ ಪ್ಲಾಸ್ಟಿಕ್ಕನ್ನು ಯಾವ ಕಡಲಿಗೂ ಎಸೆಯುವಂತಿಲ್ಲ. ಪ್ಯಾಕಿಂಗ್ ಕವರ್‌ಗಳನ್ನು ದಡದಲ್ಲೇ ಬಿಚ್ಚಿ ಕಸದ ಡಬ್ಬಿಗೆ ಹಾಕಿ ಹೊರಡಿ.