ಮಟೇರಾದ ಗುಹೆಮನೆಗಳನ್ನು ನೋಡಲು ಹೋಗುವವರಿಗೆ

ಇಟಲಿ ಪ್ರವಾಸ ಹಾಕಿಕೊಂಡವರು ದಕ್ಷಿಣದ ಮಟೇರಾಗೆ ಒಂದು ಪೂರ್ತಿ ದಿನ ಇಡಿ. ಬಾರಿ ನಗರದಿಂದ ರೈಲಿದೆ. ಭಾನುವಾರದ ವೇಳಾಪಟ್ಟಿ ಬೇರೆ, ಮೊದಲೇ ನೋಡಿಕೊಳ್ಳಿ.

ಸಾಸ್ಸಿ ಅಂದರೆ ಮೆದು ಸುಣ್ಣಕಲ್ಲನ್ನು ಕೊರೆದು ಮಾಡಿದ ಮನೆಗಳ ಹಳೇ ಊರು. ಇದನ್ನು ಗೈಡ್ ಜೊತೆ ನಡೆದೇ ನೋಡಬೇಕು. ಸುಮ್ನೆ ಓಡಾಡಿದರೆ ನೀವು ನಿಂತಿರುವ ದಾರಿ ಕೆಳಗಿನ ಮನೆಯ ಮಾಳಿಗೆ ಅಂತ ಗೊತ್ತೇ ಆಗುವುದಿಲ್ಲ!

ವೀಕೋ ಸೊಲಿಟಾರಿಯೊದ ಗುಹೆಮನೆಗೆ ತಪ್ಪದೆ ಹೋಗಿ. ಮಂಚದ ಪಕ್ಕದಲ್ಲೇ ಹೇಸರಗತ್ತೆ ಕಟ್ಟುತ್ತಿದ್ದ ಜಾಗ ಇದೆ. ಇಂಥ ಬಡತನ ಕಂಡೇ ಸರ್ಕಾರ 1952ರಲ್ಲಿ ಕಾನೂನು ತಂದು ಸುಮಾರು 15,000 ಜನರನ್ನು ಹೊಸ ಬಡಾವಣೆಗಳಿಗೆ ಕಳಿಸಿತು. 1993ರಲ್ಲಿ ಅದೇ ಊರು ಯುನೆಸ್ಕೋ ಪಟ್ಟಿ ಸೇರಿತು. ನನಗಂತೂ ಆ ಕೋಣೆಯೊಳಗೆ ಮಾತೇ ಹೊರಡಲಿಲ್ಲ.

ವಿಟ್ಟೋರಿಯೊ ವೆನೆಟೊ ಚೌಕದ ಕೆಳಗೆ ಪಲೊಂಬಾರೊ ಲುಂಗೊ ಎಂಬ ದೊಡ್ಡ ನೀರಿನ ತೊಟ್ಟಿ ಇದೆ. ಸುಮಾರು 50 ಲಕ್ಷ ಲೀಟರ್ ಹಿಡಿಯುತ್ತಿತ್ತು. ಇವೆರಡರ ಟಿಕೆಟ್ ಟೂರ್ ದುಡ್ಡಿನಲ್ಲೇ ಸೇರಿದೆಯಾ ಅಂತ ಬುಕ್ ಮಾಡುವಾಗಲೇ ಕೇಳಿ.

ಮೆಟ್ಟಿಲು ತುಂಬಾ ಜಾಸ್ತಿ. ಸವೆದ ಕಲ್ಲು ಮಳೆಯಲ್ಲಿ ಜಾರುತ್ತದೆ, ಹಿಡಿತವಿರುವ ಶೂ ಹಾಕಿ. ಮಂಡಿನೋವಿನ ಹಿರಿಯರಿದ್ದರೆ ಚಿಕ್ಕ ದಾರಿ ಆರಿಸಲು ಗೈಡ್‌ಗೆ ಹೇಳಿ. ಬೇಸಿಗೆಯಲ್ಲಿ ಬೆಳಗಿನ ಟೂರೇ ಒಳ್ಳೆಯದು.